ಆಟ ಕೊಳ್ಳುವ ಆಟ

ಹತ್ತು ವರ್ಷದಿಂದ ಒಂದೇ ಆನ್‌ಲೈನ್ ಅಂಗಡಿಗೆ ನಿಷ್ಠನಾಗಿದ್ದೆ. ಹೆಸರು ಬೇಡ ಬಿಡಿ, ಹಳೇ ಸಂಬಂಧ. ಮೊನ್ನೆ ದುಡ್ಡು ಹೋಯಿತು, ಕಂಪ್ಯೂಟರ್ ಆಟ ಮಾತ್ರ ಬರಲಿಲ್ಲ. ದೂರು ಕೊಟ್ಟರೆ "ನಿಮ್ಮ ತಾಳ್ಮೆಗೆ ಧನ್ಯವಾದ" ಎಂಬ ಉತ್ತರ. ಇಲ್ಲದ ತಾಳ್ಮೆಗೂ ಧನ್ಯವಾದ ಹೇಳುವವರನ್ನು ನಾನು ಕಂಡದ್ದು ಅಲ್ಲೇ.

ಹಿಂದೆ ಈ ತಾಪತ್ರಯವಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸಿ.ಡಿ. ಕೈಗೆ ಬರುತ್ತಿತ್ತು, ಓಡದಿದ್ದರೆ ವಾಪಸ್ ಹೋಗಿ ಜಗಳವಾಡಲು ಎದುರಿಗೊಂದು ಮುಖವಾದರೂ ಇತ್ತು. ಈಗ ಅಲ್ಲಿ ಆಟ ಕೇಳಿದರೆ "ಗ್ರಾಫಿಕ್ಸ್ ಕಾರ್ಡ್ ಬೇಕಾ ಸಾರ್?" ಅಂತಾರೆ. ಅದರ ಬೆಲೆ ಕೇಳಿದ ಮೇಲೆ ಚೌಕಾಬಾರವೇ ವಾಸಿ ಅನ್ನಿಸುತ್ತೆ.

ಕೊನೆಗೆ ಮಗಳು ದಾರಿ ತೋರಿಸಿದಳು. "ಅಪ್ಪಾ, ಸ್ಟೀಮ್‌ನಲ್ಲಿ ತಗೋ. 14 ದಿನದೊಳಗೆ ಕೇಳಿದ್ರೆ, 2 ಗಂಟೆಗಿಂತ ಕಡಿಮೆ ಆಡಿದ್ರೆ, ದುಡ್ಡು ವಾಪಸ್." ನನಗೆ ಯಾವ ಕೀಲಿ ಒತ್ತಿದರೆ ಏನಾಗುತ್ತೆ ಅಂತ ತಿಳಿಯೋಕೇ 2 ಗಂಟೆ ಬೇಕು! ಜಿಒಜಿ ಅನ್ನುವುದು ಇಂಥದೇ ಇನ್ನೊಂದು ಆನ್‌ಲೈನ್ ಅಂಗಡಿ. ಹಳೇ ಆಟಗಳಿಗೆ ಹೇಳಿ ಮಾಡಿಸಿದ ಜಾಗ. ಡಿಆರ್‌ಎಂ ಎಂಬ ಬೀಗವಿಲ್ಲ, ಇಳಿಸಿಕೊಂಡು ಉಪ್ಪಿನಕಾಯಿ ಜಾಡಿಯ ಹಾಗೆ ಅಟ್ಟದ ಮೇಲೆ ಎತ್ತಿಡಬಹುದು. ನನ್ನ ಮನಸ್ಸು ಅಲ್ಲೇ ನಿಂತಿತು.

ಎಪಿಕ್ ಅಂಗಡಿ 2018ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದದ್ದು. ಅಲ್ಲಿ ವಾರವಾರವೂ ಪುಕ್ಕಟೆ ಆಟ. ಪುಕ್ಕಟೆ ಅಂದಮೇಲೆ ಬಿಡುವುದುಂಟೇ? ರಾಶಿ ಹಾಕಿಕೊಂಡಿದ್ದೇನೆ, ಒಂದನ್ನೂ ತೆರೆದಿಲ್ಲ. ಮನೆಯಾಕೆ ಖಾಲಿ ಡಬ್ಬಿ ಕೂಡಿಡುವುದನ್ನು ಈಗ ಆಡಿಕೊಳ್ಳುವುದಿಲ್ಲ.

ಅಂದಹಾಗೆ, ಹಳೇ ಅಂಗಡಿಯಿಂದ ನಿನ್ನೆ ಮತ್ತೆ ಮೇಲ್ ಬಂತು. ತಾಳ್ಮೆಗೆ ಇನ್ನೊಂದು ಧನ್ಯವಾದ.