ಕರೆದದ್ದು ಹದಿಮೂರು, ಬಂದದ್ದು ಐದು

(1786ರ ಸೆಪ್ಟೆಂಬರ್ 14, ಗುರುವಾರ. ಅಮೆರಿಕದ ಮೇರಿಲೆಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್. ರಾಜ್ಯಗಳ ಪ್ರತಿನಿಧಿಗಳು ಇಳಿದುಕೊಂಡಿರುವ ಒಂದು ಖಾನಾವಳಿಯ ಹಿತ್ತಿಲು. ಅಡುಗೆಯವಳು ಪಾತ್ರೆ ಉಜ್ಜುತ್ತಿದ್ದಾಳೆ. ಹಿಂದೆ ಸೈನಿಕನಾಗಿದ್ದ ಲಾಯದಾಳು ಆಗಷ್ಟೇ ಬಂದಿದ್ದಾನೆ. ಇಬ್ಬರೂ ಕಲ್ಪಿತರು, ಅವರು ಗೊಣಗುವ ವಿಷಯ ಕಲ್ಪಿತವಲ್ಲ.)

ಅಡುಗೆಯವಳು: ಆಗಲೇ ಕುದುರೆಗಳಿಗೆ ಜೀನು ಬಿಗಿದೆಯಾ? ಸೋಮವಾರ ಸೇರಿದ ಸಭೆ ಇಷ್ಟು ಬೇಗ ಮುಗೀತಾ?

ಲಾಯದಾಳು: ಮುಗೀತಮ್ಮ. ಜನ ಇದ್ದರಲ್ವಾ ಸಭೆ ನಡೆಯೋಕೆ?

ಅಡುಗೆಯವಳು: ವ್ಯಾಪಾರದ ಮಾತಿಗೆ ಹದಿಮೂರು ರಾಜ್ಯಕ್ಕೂ ಕರೆ ಹೋಗಿದೆ ಅಂತ ಯಜಮಾನ್ರು ಎರಡು ಹಂದಿ ಕಡಿಸಿದರು. ಬಂದವರು ನೋಡಿದರೆ ಹನ್ನೆರಡೇ ಜನ!

ಲಾಯದಾಳು: ಜನ ಹನ್ನೆರಡು, ರಾಜ್ಯ ಬರೀ ಐದು. ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್, ವರ್ಜೀನಿಯಾ.

ಅಡುಗೆಯವಳು: ನಮ್ಮ ಮೇರಿಲೆಂಡ್?

ಲಾಯದಾಳು: ಯಾರನ್ನೂ ಆರಿಸಲೇ ಇಲ್ಲ.

ಅಡುಗೆಯವಳು: ಸಭೆ ನಮ್ಮೂರಲ್ಲೇ ಕಣಯ್ಯಾ! ಒಂದು ಮಾತು ಹೇಳಿದ್ದರೆ ನಾನೇ ಕೈ ಒರೆಸಿಕೊಂಡು ಹೋಗಿ ಕೂತಿರ್ತಿದ್ದೆ.

ಲಾಯದಾಳು: ಇನ್ನು ನಾಲ್ಕು ರಾಜ್ಯದವರು ಆರಿಸಿದ್ದರು, ಆಸಾಮಿಗಳು ಹೊತ್ತಿಗೆ ಬರಲಿಲ್ಲ. ಇದೇನು ಹೊಸದಾ? 1783ರ ಚಳಿಗಾಲದಲ್ಲಿ ನಮ್ಮ ಹದಿಮೂರು ರಾಜ್ಯಗಳ ಒಕ್ಕೂಟದ ಸಭೆ, ಅದೇ ಕಾಂಗ್ರೆಸ್ಸು, ಇದೇ ಊರಲ್ಲಿ ಕೂತಿತ್ತಲ್ಲ. ಬ್ರಿಟನ್ ಜೊತೆ ಶಾಂತಿ ಒಪ್ಪಂದ ಆಗಿದೆ, ಅದಕ್ಕೆ ಒಪ್ಪಿಗೆ ಕೊಡೋಕೆ ಒಂಬತ್ತು ರಾಜ್ಯ ಬೇಕು, ಒಂಬತ್ತು ಸೇರ್ತಾನೇ ಇಲ್ಲ! ಯುದ್ಧ ಗೆದ್ದಿದ್ದು ಹೌದು ಅನ್ನೋಕೆ ಮುಂದಿನ ಜನವರಿ 14ರವರೆಗೆ ಕಾದರು.

ಅಡುಗೆಯವಳು: ಫಿಲಡೆಲ್ಫಿಯಾದಂಥ ಊರು ಬಿಟ್ಟು ಅವರು ಇಲ್ಲಿಗೆ ಯಾಕೆ ಬಂದರು ಅಂತ ನನಗೆ ಇವತ್ತಿಗೂ ತಿಳೀಲಿಲ್ಲ.

ಲಾಯದಾಳು: ಸಂಬಳ ಕೇಳೋಕೆ ಹೋದ ಸೈನಿಕರು ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ರಕ್ಷಣೆ ಕೊಡಿ ಅಂತ ಕಾಂಗ್ರೆಸ್ಸು ಪೆನ್ಸಿಲ್ವೇನಿಯಾನ ಕೇಳಿತು. ಅವರು ಕೊಡಲಿಲ್ಲ. ಸರಿ, ಪ್ರಿನ್ಸ್‌ಟನ್ನಿಗೆ ಓಟ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಟ್ರೆಂಟನ್ನಿಗೆ, ಈಗ ನ್ಯೂಯಾರ್ಕಿನಲ್ಲಿದೆ.

ಅಡುಗೆಯವಳು: ನಿನ್ನ ಸಂಬಳ ಬಂತಾ?

ಲಾಯದಾಳು: ಚೀಟಿ ಬಂತು. ಮುಂದೆ ಕೊಡ್ತೀವಿ ಅಂತ. ಚೀಟಿ ಬೇಯಿಸಿ ತಿನ್ನೋಕಾಗುತ್ತಾ? ಒಬ್ಬ ಸಾಹುಕಾರನಿಗೆ ಪುಡಿಗಾಸಿಗೆ ಮಾರಿದೆ.

ಅಡುಗೆಯವಳು: ತೆರಿಗೆ ಹಾಕಿ ದುಡ್ಡು ತಗೊಳ್ಳೋಕೆ ಕಾಂಗ್ರೆಸ್ಸಿಗೆ ಏನು ದಾಡಿ?

ಲಾಯದಾಳು: ಹಕ್ಕಿಲ್ಲಮ್ಮ. ಯುದ್ಧ ಸಾರಬಹುದು, ಸಾಲ ಎತ್ತಬಹುದು. ದುಡ್ಡು ಬೇಕಾದರೆ ರಾಜ್ಯಗಳಿಗೆ ಕಾಗದ ಬರೀಬೇಕು. ಕೊಡಲಿಲ್ಲವಾ, ಇನ್ನೊಂದು ಕಾಗದ.

ಅಡುಗೆಯವಳು: ಅಂದರೆ ಅತ್ತೆ ಹೆಸರಿಗಷ್ಟೇ ಯಜಮಾನಿ, ಉಗ್ರಾಣದ ಬೀಗದ ಕೈ ಹದಿಮೂರು ಸೊಸೆಯರ ಸೊಂಟದಲ್ಲಿ.

ಲಾಯದಾಳು: ಅದರಲ್ಲೂ ಕಿರಿಸೊಸೆ ರೋಡ್ ಐಲೆಂಡ್! ಹೊರದೇಶದ ಸರಕಿಗೆ ನೂರಕ್ಕೆ ಐದು ಸುಂಕ ಹಾಕ್ತೀವಿ, ಒಪ್ಪಿ ಅಂತ ಕಾಂಗ್ರೆಸ್ಸು ಕೇಳಿತು. 1782ರಲ್ಲಿ ಆಕೆ ಒಲ್ಲೆ ಅಂದಳು, ಅಲ್ಲಿಗೆ ಹೋಯ್ತು. ಮರುವರ್ಷ ಮತ್ತೆ ಕೇಳಿದರು. ಈ ಸಲ ನ್ಯೂಯಾರ್ಕ್ ಒಪ್ಪಿದ ಹಾಗೆ ಮಾಡಿ, ಕಾಂಗ್ರೆಸ್ಸು ನುಂಗಲಾಗದಂಥ ಷರತ್ತು ಹಾಕಿತು.

ಅಡುಗೆಯವಳು: ನ್ಯೂಯಾರ್ಕಿಗೇನಪ್ಪ, ಅವರದ್ದು ಬಂದರು. ನ್ಯೂಜೆರ್ಸಿಯವನು ತಿನ್ನೋ ಸಕ್ಕರೆಗೂ ಅಲ್ಲೇ ಸುಂಕ ಕಟ್ಟಿರಬೇಕು.

ಲಾಯದಾಳು: ಆ ಸಿಟ್ಟಿಗೇ ನ್ಯೂಜೆರ್ಸಿ ಈ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ಬಿಡಿಗಾಸೂ ಕೊಡಲ್ಲ ಅಂತ ಕೂತಿತು. ಕಾಂಗ್ರೆಸ್ಸು ಮೂರು ಜನರನ್ನ ಕಳಿಸಿ ಗೋಗರೆಯಿತು.

ಅಡುಗೆಯವಳು: ಇಂಥ ಘನವಾದ ಒಕ್ಕೂಟದ ಕರಾರು ಬರೆದ ಪುಣ್ಯಾತ್ಮ ಯಾರಯ್ಯಾ?

ಲಾಯದಾಳು: ಶ್! ಮೊದಲ ಕರಡು ಡಿಕಿನ್ಸನ್ ಸಾಹೇಬರದ್ದು. ಈ ಸಭೆಗೂ ಅವರೇ ಅಧ್ಯಕ್ಷರು. ಮಹಡಿ ಮೇಲಿದ್ದಾರೆ.

ಅಡುಗೆಯವಳು: ಅಯ್ಯಯ್ಯೋ, ಬೆಳಿಗ್ಗೆ ಎರಡೆರಡು ಸಲ ಕಾಫಿ ಕೊಟ್ಟೆನಲ್ಲ!

ಲಾಯದಾಳು: ಪಾಪ, ಅವರನ್ನ ಅನ್ನಬೇಡ. 1776ರಲ್ಲಿ ಅವರು ಕಾಂಗ್ರೆಸ್ಸಿಗೆ ಇನ್ನಷ್ಟು ಬಲ ಕೊಟ್ಟೇ ಬರೆದಿದ್ದರು. ಮಿಕ್ಕವರು ಕೂತು ಕತ್ತರಿಸಿದರು. ರಾಜನ ಕಾಟ ಉಂಡವರು, ಮೇಲೆ ಇನ್ಯಾರೂ ಬೇಡ ಅಂದರು. ಹಾಗಾಗಿ ಆಡಳಿತಕ್ಕೆ ಮುಖ್ಯಸ್ಥನಿಲ್ಲ, ದೇಶಕ್ಕೊಂದು ಕೋರ್ಟಿಲ್ಲ. ಕಾಂಗ್ರೆಸ್ಸಿಗೆ ಒಬ್ಬ ಸಭಾಪತಿ ಉಂಟು. ಹೋದ ನವೆಂಬರಿನಲ್ಲಿ ಹ್ಯಾನ್‌ಕಾಕ್ ಅವರನ್ನ ಆರಿಸಿದರು. ಅವರು ಆ ಕಡೆ ತಲೆ ಹಾಕಲೇ ಇಲ್ಲ, ಕೊನೆಗೆ ಮನೆಯಿಂದಲೇ ರಾಜೀನಾಮೆ.

ಅಡುಗೆಯವಳು: ಮತ್ತೆ ಆ ಕರಾರನ್ನ ತಿದ್ದಬಾರದಾ?

ಲಾಯದಾಳು: ತಿದ್ದಬಹುದು. ಹದಿಮೂರೂ ಒಪ್ಪಿದರೆ.

ಅಡುಗೆಯವಳು: ಕಿರಿಸೊಸೆ ಸಮೇತ?

ಲಾಯದಾಳು: ಸಮೇತ.

ಅಡುಗೆಯವಳು: ಹಾಗಾದರೆ ಈ ಹನ್ನೆರಡು ಮಂದಿ ನಾಲ್ಕು ದಿನ ಉಂಡು ಮಾಡಿದ್ದೇನು?

ಲಾಯದಾಳು: ನ್ಯೂಯಾರ್ಕಿನ ಹ್ಯಾಮಿಲ್ಟನ್ ಒಂದು ಕಾಗದ ಬರೆದರು. ಬರೋ ಮೇ ತಿಂಗಳ ಎರಡನೇ ಸೋಮವಾರ ಎಲ್ಲ ರಾಜ್ಯದವರೂ ಫಿಲಡೆಲ್ಫಿಯಾಕ್ಕೆ ಬನ್ನಿ, ವ್ಯಾಪಾರದ ಮಾತು ಮಾತ್ರ ಅಲ್ಲ, ಇಡೀ ಕರಾರನ್ನೇ ಬಿಚ್ಚಿ ನೋಡೋಣ ಅಂತ. ಎಲ್ಲರೂ ಅದಕ್ಕೆ ಒಪ್ಪಿದರು.

ಅಡುಗೆಯವಳು: ಸಭೆಗೆ ಜನ ಬರಲಿಲ್ಲ ಅಂತ ಇನ್ನೊಂದು ಸಭೆ! ಚೆನ್ನಾಗಿದೆ.

ಲಾಯದಾಳು: ನಗಬೇಡ. ಮ್ಯಾಸಚುಸೆಟ್ಸಿನಲ್ಲಿ ಸಾಲ, ತೆರಿಗೆಯಲ್ಲಿ ಮುಳುಗಿದ ರೈತರು ಕೋರ್ಟು ನಡೆಯೋಕೇ ಬಿಡ್ತಿಲ್ಲವಂತೆ. ಅವರಲ್ಲಿ ಎಷ್ಟೋ ಜನ ನನ್ನ ಹಾಗೆ ಚೀಟಿ ಇಸ್ಕೊಂಡ ಸೈನಿಕರು. ಆ ಸುದ್ದಿ ಕೇಳಿದರೆ ದೊಡ್ಡವರಿಗೆ ನಡುಕ ಹುಟ್ಟುತ್ತೆ. ನಡುಕ ಹುಟ್ಟಿದರೆ ಬರ್ತಾರೆ.

ಅಡುಗೆಯವಳು: ಎಷ್ಟು ರಾಜ್ಯ ಬರುತ್ತೆ? ಪಂತ ಕಟ್ತೀಯಾ? ಬೆಳ್ಳಿ ನಾಣ್ಯವೇ ಆಗಬೇಕು, ಕಾಗದದ ದುಡ್ಡು ನಾನು ಒಲ್ಲೆ.

ಲಾಯದಾಳು: ಕಟ್ಟಿದೆ. ಹನ್ನೆರಡು.

ಅಡುಗೆಯವಳು: ನಾನೂ ಹನ್ನೆರಡೇ ಅನ್ನೋಳಿದ್ದೆ!

ಲಾಯದಾಳು: ಬಾರದೇ ಇರೋದು ಯಾವುದು, ಹೇಳು ನೋಡೋಣ.

ಇಬ್ಬರೂ: ರೋಡ್ ಐಲೆಂಡ್!

ಅಡುಗೆಯವಳು: ಥೂ, ಇಬ್ಬರದೂ ಒಂದೇ ಮಾತಾದರೆ ಪಂತ ಕಟ್ಟೋದು ಯಾರ ಹತ್ತಿರ?