ನೂರರ ಮಡಿ

ಛಾಯಾಗ್ರಾಹಕರಲ್ಲಿ ಆಚಾರವಂತರ ಒಂದು ಪಂಗಡವುಂಟು. ಕ್ಯಾಮೆರಾದ ಐಎಸ್‌ಒ 100ರಲ್ಲಿರುವವರೆಗೆ ಇವರ ಪಾಲಿಗೆ ಸಕಲ ಚರಾಚರವೂ ಮಡಿಯಲ್ಲಿರುತ್ತದೆ; 400 ಎಂದರೆ ಹುಬ್ಬು ಗಂಟಾಗುತ್ತದೆ; 1600 ಎಂದವನು ಪಂಕ್ತಿಬಾಹಿರನೇ ಸರಿ. ಫಿಲ್ಮಿನ ಕಾಲದಲ್ಲಿ ಈ ನಿಷ್ಠೆಗೆ ಅರ್ಥವಿದ್ದಿತು. ಒಮ್ಮೆ ರೋಲು ತೊಡಿಸಿದ ಮೇಲೆ 36 ಚಿತ್ರಗಳೂ ಮುಗಿಯುವತನಕ ಅದರ ವೇಗವೇ, ಎಂದರೆ ಐಎಸ್‌ಒ ಸಂಖ್ಯೆಯೇ, ನಮ್ಮ ವಿಧಿ. ವೇಗದ ಫಿಲ್ಮಾದರೆ ಎದ್ದು ಕಾಣುವ ಗ್ರೇನು ಬೇರೆ. ಚಿತ್ರಕ್ಕೊಂದರಂತೆ ಐಎಸ್‌ಒ ಬದಲಿಸಬಹುದಾದ ಈ ಡಿಜಿಟಲ್ ಯುಗದಲ್ಲಿಯೂ ಡಯಲು ತಿರುಗಿಸಲು ಇವರಿಗೆ ಬೆರಳೇಳದು.

ನಮ್ಮ ಹಿತ್ತಲಿನ ಕರಿಬೇವಿನ ಗಿಡ ಈ ಮತಕ್ಕೆ ಸೇರಿದ್ದಲ್ಲ. ಎಳೆತನದಲ್ಲಿ ಹಕ್ಕಿಯ ಹಿಕ್ಕೆಯ ವೇಷ ಧರಿಸಿ, ಬೆಳೆದಂತೆ ಎಲೆಯ ಹಸುರನ್ನೇ ಉಟ್ಟು, ಮುಟ್ಟಿದೊಡನೆ ತಲೆಯ ಹಿಂದಿನಿಂದ ಕೆಂಪು ಕವಲುಗೋಡನ್ನು ಚಾಚಿ ದುರ್ಗಂಧ ಬೀರುವ ಚಿಟ್ಟೆಯ ಹುಳು ಅಲ್ಲಿನ ಖಾಯಂ ನಿವಾಸಿ. ಈ ಮಹಾಶಯ ಸ್ವತಃ ಮಂದಗಾಮಿಯಾದರೂ, ಅವನು ಆಸೀನನಾಗಿರುವ ಎಲೆಗೆ ಆಷಾಢದ ಗಾಳಿಯಲ್ಲಿ ಕ್ಷಣವೂ ವಿಶ್ರಾಂತಿಯಿಲ್ಲ. ಮ್ಯಾಕ್ರೋ ಲೆನ್ಸಿನಲ್ಲಿ ಅವನನ್ನು 1:1ರ ಪ್ರಮಾಣಕ್ಕೆ ತಂದಾಗ, ಎಫ್ 8ರಲ್ಲಿ ಸ್ಫುಟವಾಗಿ ಮೂಡುವ ಆಳ ಸುಮಾರು ಒಂದು ಮಿಲಿಮೀಟರ್. ಅಷ್ಟು ಸಮೀಪಿಸಿದ್ದಕ್ಕೆ ದಂಡವೆಂಬಂತೆ ಸೆನ್ಸರಿಗೆ ದಕ್ಕುವ ಬೆಳಕೂ ಕಾಲುಭಾಗಕ್ಕಿಳಿಯುತ್ತದೆ. ಮೋಡದ ಮಬ್ಬಿನಲ್ಲಿ ಐಎಸ್‌ಒ 100 ಬೇಡುವ ಶಟರ್ ವೇಗ ಸೆಕೆಂಡಿನ 1/15 ಎಂದಿಟ್ಟುಕೊಳ್ಳಿ. ಅಷ್ಟರೊಳಗೆ ಎಲೆ ತಲೆದೂಗಿ, ಕೋಡು ಕೆಂಪು ಹೊಗೆಯಾಗಿ, ಹುಳುವಿರಲಿ, ಗಿಡವೂ ಗುರುತು ಸಿಗದು. 1/250 ಬೇಕೆಂದರೆ ನಾಲ್ಕು ಸ್ಟಾಪು ಮೇಲೇರಬೇಕು: 200, 400, 800, 1600.

ಮಡಿವಂತ ಮಿತ್ರರಲ್ಲಿ ಪ್ರಾಯಶ್ಚಿತ್ತಗಳಿಗೆ ಬರವಿಲ್ಲ. ಟ್ರೈಪಾಡು ಎನ್ನುತ್ತಾರೆ; ಅದು ಕ್ಯಾಮೆರಾವನ್ನು ಹಿಡಿದೀತೇ ಹೊರತು ಎಲೆಯನ್ನಲ್ಲ. ಫ್ಲಾಶ್ ಎನ್ನುತ್ತಾರೆ, ಹುಳು ನಿಶ್ಚಲವಾದೀತು, ಆದರೆ ಹಿನ್ನೆಲೆಯಲ್ಲಿ ಹಾಡುಹಗಲೇ ಅಮಾವಾಸ್ಯೆ. 100ರಲ್ಲಿಯೇ ಕತ್ತಲೆಯ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಬೆಳಗಿಸಿಕೊಳ್ಳಿ ಎಂದವರೂ ಉಂಟು. ಹಾಗೆ ಮಾಡಿದಾಗ, ಡಿಜಿಟಲಿನ ಗ್ರೇನೆನ್ನಬಹುದಾದ ಯಾವ ನಾಯ್ಸಿಗೆ ಹೆದರಿ ಓಡಿದೆವೋ ಅದೇ ನೆರಳಿನ ಭಾಗಗಳಲ್ಲಿ ಎದ್ದು ನಿಲ್ಲುತ್ತದೆ. ಐಎಸ್‌ಒ ಬೆಳಕನ್ನು ಸೃಷ್ಟಿಸುವುದಿಲ್ಲ, ದಕ್ಕಿದ್ದನ್ನು ವರ್ಧಿಸುತ್ತದೆ. ಆದ್ದರಿಂದ ದೋಷವೆಲ್ಲ ಬಹುಮಟ್ಟಿಗೆ ಬೆಳಕಿನ ದಾರಿದ್ರ್ಯದ್ದೇ ಹೊರತು ಆ ಬಡಪಾಯಿ ಸಂಖ್ಯೆಯದಲ್ಲ. ಬಿಸಿಲು ಬಂದು ಗಾಳಿ ನಿಂತ ದಿನ ನಾನೂ 100ರ ಪರಮಭಕ್ತನೇ. ಉಳಿದ ದಿನಗಳಲ್ಲಿ ನನ್ನ ಸಿದ್ಧಾಂತ ಇಷ್ಟೇ: ನಾಯ್ಸನ್ನು ತಂತ್ರಾಂಶ ತಕ್ಕಮಟ್ಟಿಗಾದರೂ ತೊಳೆದೀತು, ಅಲುಗಿಹೋದ ಹುಳುವನ್ನು ಮರಳಿ ನಿಲ್ಲಿಸುವ ಮಂತ್ರ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ಹೀಗೆ 1600ರಲ್ಲಿ ತೆಗೆದ ಚಿತ್ರವನ್ನು ಮಿತ್ರರು ಹಿಗ್ಗಿಸಿ ಹಿಗ್ಗಿಸಿ ಮೂಲೆಯಲ್ಲಿ ಮೈಲಿಗೆ ಹುಡುಕುತ್ತಿದ್ದಾಗ, ಪಕ್ಕದ ಮನೆಯಾಕೆ ಹಿಂದಿನಿಂದ ಇಣುಕಿ, ಹುಳುವಿನ ಮೈಮೇಲಿನ ಗೆರೆಗೆರೆಯನ್ನೂ ನಿರುಕಿಸಿ, ಶಂಕಿತ ಸ್ವರದಲ್ಲಿ ಕೇಳಿದರು: “ಅಲ್ಲ ರಾಯರೇ, ನಿನ್ನೆ ನಮ್ಮ ಸಾರಿನ ಒಗ್ಗರಣೆಗೆ ಕೊಟ್ಟಿರಲ್ಲ, ಆ ಕರಿಬೇವು ಇದೇ ಗಿಡದ್ದೇನು?”