ಮತ ಹಾಕಿದ್ದು ಯಾರಿಗೆ ತಾತ?

(ಲಂಡನ್. ಥೇಮ್ಸ್ ದಂಡೆಯ ಕೌಂಟಿ ಹಾಲ್ ಎದುರು ತಾತ, ಮೊಮ್ಮಗ.)

"ಇಲ್ಲೇನಿತ್ತು ತಾತ?"

"ಗ್ರೇಟರ್ ಲಂಡನ್ ಕೌನ್ಸಿಲ್. 1964ರ ಮೊದಲ ಚುನಾವಣೆ ಲೇಬರ್‌ಗೆ. 1967ರಲ್ಲಿ ನೂರಕ್ಕೆ 82 ಸೀಟು ಬಾಚಿ ಕನ್ಸರ್ವೇಟಿವರು ಬಂದರು, 1970ರಲ್ಲೂ ಅವರೇ. 1973 ಲೇಬರ್, 1977 ಕನ್ಸರ್ವೇಟಿವ್, 1981 ಮತ್ತೆ ಲೇಬರ್."

(ತಾತ ಯಾರಿಗೆ ಮತ ಹಾಕಿದರೆಂದು ಅಜ್ಜಿಗೂ ಗೊತ್ತಿಲ್ಲ.)

"1981ರಲ್ಲಿ ಲೇಬರ್ ನಾಯಕ ಯಾರು?"

"ಯಾವ ದಿನದ್ದು ಕೇಳ್ತೀಯ? ಮತದಾನದ ದಿನ ಆಂಡ್ರ್ಯೂ ಮೆಕಿಂಟಾಷ್. ಮರುದಿನ ಪಕ್ಷದ ಸಭೆ ಮುಗಿದಾಗ ಕೆನ್ ಲಿವಿಂಗ್‌ಸ್ಟನ್."

"ಮತ ಹಾಕಿದವರನ್ನ ಕೇಳಲಿಲ್ವಾ?"

"ಅವರ ಕೆಲಸ ಹಿಂದಿನ ದಿನವೇ ಮುಗಿದಿತ್ತಲ್ಲ! ಆಮೇಲೆ ಈ ಚಾವಣಿ ಮೇಲೆ ದೊಡ್ಡ ಬೋರ್ಡು ಬಂತು, ಲಂಡನ್ನಿನ ನಿರುದ್ಯೋಗಿಗಳ ಲೆಕ್ಕ. ನದಿಯಾಚೆ ಪಾರ್ಲಿಮೆಂಟಿಗೆ ನೇರ ಕಾಣಬೇಕು, ಹಾಗೆ."

"ಪ್ರಧಾನಿ ಥ್ಯಾಚರ್ ನಿರುದ್ಯೋಗ ಇಳಿಸಿದರಾ?"

"ಕೌನ್ಸಿಲ್ಲನ್ನೇ ಇಳಿಸಿದರು."

"ಚುನಾವಣೇಲಿ ಸೋಲಿಸಿ?"

"ಗೆದ್ದುಬಿಟ್ಟರೆ? ಅದಕ್ಕೇ 1985ರ ಚುನಾವಣೆ ರದ್ದು. 1986ರ ಮಾರ್ಚ್ 31ಕ್ಕೆ ಕೌನ್ಸಿಲ್ಲಿಗೇ ಬೀಗ."

"ಈಗ ಒಳಗೆ ಯಾರಿದ್ದಾರೆ?"

"ಮೀನುಗಳು. ಅಕ್ವೇರಿಯಂ ಮಾಡಿದ್ದಾರೆ. ಅವು ಬೋರ್ಡು ಹಾಕಲ್ಲ ನೋಡು, ಆಚೆ ದಡದವರದ್ದೂ ತಕರಾರಿಲ್ಲ."